ಮುನ್ನೂರು ಅಡಿ ನೋಡುವ ಯಂತ್ರ

“ಎಂಟು ಅಡಿಯಂತೆ!” ಗಳದಣ್ಣ ಗಹಗಹಿಸಿ ನಕ್ಕ. “ನೋಡಮ್ಮ, ನಿನ್ನ ಯಂತ್ರ ಮೊದಲನೇ ದಿನವೇ ಮಂಗಾಟ ಶುರು ಮಾಡ್ತು.”

ದೋಣಿಯ ಹಿಂತುದಿಯಲ್ಲಿ ಮೋಟರಿನ ಹಿಡಿ ಹಿಡಿದು ಕೂತಿದ್ದ ಅವನ ತಮ್ಮನ ಹೆಂಡತಿ ನಗಲಿಲ್ಲ. ಕತ್ತು ಚಾಚಿ ಪರದೆ ನೋಡಿದಳು. ಅಂಗೈಯಗಲದ ಪರದೆ. ಅದರ ವೈರು ದೋಣಿಯ ಅಂಚು ದಾಟಿ ನೀರಿಗಿಳಿದಿತ್ತು. ವೈರಿನ ತುದಿಯಲ್ಲಿ ಬಿಲ್ಲೆಯಂಥ ಸೆನ್ಸರು. ಅದು ನೀರೊಳಗೆ ಸದ್ದು ಕಳಿಸುತ್ತದೆ, ತಳಕ್ಕೆ ಬಡಿದು ವಾಪಸು ಬಂದ ಸದ್ದಿನಿಂದ ಆಳ ಎಷ್ಟು, ನಡುವೆ ಮೀನಿದೆಯೇ ಎಂದು ಮೇಲೆ ತೋರಿಸುತ್ತದೆ. ಪರದೆಯ ತುಂಬ ಇರುವೆ ಸಾಲಿನಂಥ ಗೆರೆಗಳು ಹರಿದಾಡುತ್ತಿದ್ದವು. ಮೂಲೆಯಲ್ಲಿ ದಪ್ಪಗೆ ಮೂಡಿದ ಎಂಟು ಮಾತ್ರ ಅಲ್ಲಾಡದೆ ನಿಂತಿತ್ತು.

ನಗುವ ಮಾತೇ ಸರಿ. ಅವರಿದ್ದದ್ದು ಮಡುವಿನ ನಟ್ಟನಡುವೆ. ಮಡುವಿಗೆ ತಳವಿಲ್ಲ ಎಂಬುದು ಆ ಸರೋವರದ ಸುತ್ತಲಿನವರಿಗೆಲ್ಲ ಹುಟ್ಟುತ್ತಲೇ ಗೊತ್ತಿರುವ ವಿಷಯ. ಬೇರೆಡೆ ಹಸಿರಾಗಿರುವ ನೀರು ಇಲ್ಲಿ ಮಸಿ ಕಲಸಿದಂತೆ ಕಪ್ಪು. ಬಲೆ ಬೀಸಿದರೆ ಒಳಗಿನಿಂದ ಯಾರೋ ಹಿಡಿದೆಳೆದಂತೆ ಸಿಕ್ಕಿ ಹರಿಯುತ್ತದೆ. ದೋಣಿ ನೂಕುವ ಗಳ ಇಳಿಸಿದರಂತೂ ಕೈಯಿಂದ ಕಿತ್ತುಕೊಂಡು ಹೋಗುತ್ತದಂತೆ. ಹಾಗೆ ಹೋದ ಗಳವನ್ನು ಕಂಡವರು ಯಾರು ಎಂದು ಕೇಳಿ ನೋಡಿ, ಅಜ್ಜನ ಕಾಲದಲ್ಲಿ ಅನ್ನುತ್ತಾರೆ. ಅಜ್ಜನನ್ನು ಕೇಳಿದ್ದರೆ ಅವನೂ ಅವನಜ್ಜನ ಕಡೆ ಕೈ ತೋರಿಸುತ್ತಿದ್ದನೇನೋ! ಅಂತೂ ಮಡು ಬಂತೆಂದರೆ ದೋಣಿಯವರು ಗಳ ಎತ್ತಿ ದೋಣಿಯೊಳಗೆ ಉದ್ದಕ್ಕೆ ಮಲಗಿಸಿಬಿಡುತ್ತಾರೆ. ಮಡು ದಾಟಿದ ಮೇಲೇ ಮತ್ತೆ ಅದನ್ನು ಕೈಗೆತ್ತಿಕೊಳ್ಳುವುದು.

ಗಳದಣ್ಣನಿಗೆ ಆ ಹೆಸರು ಬಂದದ್ದೂ ಗಳದಿಂದಲೇ. ಹದಿನಾರು ಅಡಿಯ ಬಿದಿರು, ಅಡಿಗೊಂದು ಕಚ್ಚು. ಅದನ್ನು ನೀರಿಗೆ ಇಳಿಸಿದರೆ ಸಾಕು, ಕೆಳಗೆ ಕೆಸರೋ ಮರಳೋ ಜೊಂಡಿನ ಬೇರೋ, ಕಣ್ಣು ಮುಚ್ಚಿ ಹೇಳುತ್ತಿದ್ದ. ಸರೋವರದ ತಳವೆಲ್ಲ ಅವನಿಗೆ ಮನೆಯ ನೆಲದಷ್ಟೇ ಪರಿಚಯ. ಮಡುವೊಂದನ್ನು ಬಿಟ್ಟು.

ಈ ಮಡುವಿನಲ್ಲೇ ಹನ್ನೊಂದು ವರ್ಷದ ಹಿಂದೆ ಅವನ ತಮ್ಮ ಹೋದದ್ದು. ಮೋಟರಿಗೆ ಸುತ್ತಿಕೊಂಡ ಜೊಂಡು ಬಿಡಿಸಲು ಎದ್ದು ನಿಂತವನು ಕಾಲು ಜಾರಿ ಬಿದ್ದ. ದೋಣಿಯಲ್ಲಿದ್ದದ್ದು ಅಣ್ಣ ತಮ್ಮ ಇಬ್ಬರೇ, ಇಬ್ಬರಿಗೂ ಈಜು ಬರುತ್ತಿರಲಿಲ್ಲ. ದೋಣಿಯವರಿಗೆ ಈಜು ಯಾಕೆ, ದೋಣಿ ಇದೆಯಲ್ಲ ಎನ್ನುವ ಜನ ಅವರು. ಮೂರನೇ ದಿನ ಹೆಣ ತಾನಾಗಿ ತೇಲಿ ಜೊಂಡಿನ ಮಗ್ಗುಲಿಗೆ ಬಂತು. ಅಂದು ಅವಳ ಹೊಸಿಲಲ್ಲಿ ನಿಂತು ಗಳದಣ್ಣ ಹೇಳಿದ್ದು ಒಂದೇ ಮಾತು: “ತಳ ಇಲ್ಲದ ನೀರು ತಾಯಿ, ನಾನೇನು ಮಾಡ್ಲಿ?” ಅವಳು ಆ ಮಾತನ್ನು ನಂಬಿದಳು. ಎರಡು ವರ್ಷ ಕಳೆದು, ಗಂಡ ಕೂರುತ್ತಿದ್ದ ಜಾಗದಲ್ಲೇ ತಾನು ಬಂದು ಕೂತು ಮೋಟರಿನ ಹಿಡಿ ಹಿಡಿದಳು. ಅಂದಿನಿಂದ ಒಂದೇ ದೋಣಿ, ಒಂದೇ ದುಡಿಮೆ, ಅವಳ ಮಗಳಿಗೆ ಇವನೇ ಅಪ್ಪನಂತೆ.

ಗಳದಣ್ಣ ಅವಳಿಗೆ ಎಲ್ಲವನ್ನೂ ಹೇಳಿದ್ದ, ಒಂದನ್ನು ಬಿಟ್ಟು. ತಮ್ಮ ಮುಳುಗಿದ ಮೇಲೆ ಗುಳ್ಳೆ ಬಂದಿತ್ತು. ತಳವಿಲ್ಲದ ಕಡೆ ಗುಳ್ಳೆಯ ಮಾತಾಡಿ ಅವಳ ಹೊಟ್ಟೆ ಯಾಕೆ ಉರಿಸಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಯಂತ್ರ ಕೊಳ್ಳೋಣ ಎಂದವಳು ಅವಳೇ. ಮೀನು ಕಮ್ಮಿಯಾಗಿತ್ತು. ಮಡುವಿನಲ್ಲಿ ಯಾರೂ ಬಲೆ ಬೀಸುವುದಿಲ್ಲ, ಹಾಗಾಗಿ ಇದ್ದಬದ್ದ ಮೀನೆಲ್ಲ ಅಲ್ಲೇ ಸೇರಿರಬೇಕು, ಎಷ್ಟು ಆಳದಲ್ಲಿದೆ ಅಂತ ಗೊತ್ತಾದರೆ ಅಷ್ಟಕ್ಕೇ ಗಾಳ ಇಳಿಬಿಡಬಹುದು ಎಂಬುದು ಅವಳ ಲೆಕ್ಕಾಚಾರ. ಮೊನ್ನೆ ಇಬ್ಬರೂ ಅಂಗಡಿಗೆ ಹೋಗಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಅಂಗಡಿಯವನು ಮೇಜಿನ ಮೇಲೆ ಎರಡು ಪೆಟ್ಟಿಗೆ ತೆರೆದಿಟ್ಟ.

“ಇದು ನೂರಡಿ ನೋಡುತ್ತೆ. ಸಣ್ಣ ದೋಣಿಗೆ ಧಾರಾಳ ಸಾಕು. ಇನ್ನೊಂದು ಮುನ್ನೂರು ಅಡಿ. ಸುಮ್ನೆ ದುಬಾರಿ.”

“ಮುನ್ನೂರರದ್ದೇ ಕೊಡಿ,” ಎಂದಿದ್ದ ಗಳದಣ್ಣ. “ನಮ್ಮಲ್ಲೊಂದು ಮಡು ಇದೆ ಸ್ವಾಮಿ. ನಿಮ್ಮ ಮುನ್ನೂರಾದ್ರೂ ಅಲ್ಲಿ ಸಾಲುತ್ತಾ ಅಂತ ನೋಡ್ಬೇಕು.”

“ನಿಮ್ಮ ದುಡ್ಡು, ನಿಮ್ಮಿಷ್ಟ,” ಎಂದು ಅಂಗಡಿಯವನು ನಕ್ಕು, ಬಳಸುವ ಬಗೆ ಹೇಳಿಕೊಟ್ಟ. ಬಿಸಿಲಲ್ಲಿ ಪರದೆ ಕಾಣದಿದ್ದರೆ ಬೆಳಕು ಏರಿಸಬೇಕು. ಸೆನ್ಸರನ್ನು ಅಂಟಿಸಲು ಕೊಡುವ ರಬ್ಬರಿನ ಬಟ್ಟಲು ಮರದ ದೋಣಿಗೆ ಅಂಟುವುದಿಲ್ಲ, ಸೆನ್ಸರನ್ನು ಕೋಲಿಗೆ ಬಿಗಿದು ಕಟ್ಟಬೇಕು. ತಳ ಕೆಸರಾದರೆ ಗೆರೆ ತೆಳುವಾಗಿ ಮಬ್ಬಾಗಿ ಬರುತ್ತದೆ, ಬಂಡೆಯಾದರೆ ದಪ್ಪಗೆ. ಕೊನೆಗೆ ಬೆರಳೆತ್ತಿ ಹೇಳಿದ: “ಮೋಟರಿನ ಬ್ಯಾಟರಿಯಿಂದ ಮಾತ್ರ ಕರೆಂಟ್ ಕೊಡ್ಬೇಡಿ. ಮೋಟರ್ ತಿರುಗಿದಾಗೆಲ್ಲ ಇದು ಬೆಚ್ಚಿ ಬೀಳುತ್ತೆ, ಪರದೆ ತುಂಬ ಇಲ್ಲಸಲ್ಲದ ಗೆರೆ ಬರುತ್ತೆ. ಇದಕ್ಕೆ ಅಂತಲೇ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಇಟ್ಕೊಳ್ಳಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಕೆಂಪು ವೈರಿಗೆ ಫ್ಯೂಸ್ ಮರೀಬೇಡಿ.”

ಇದ್ದ ಬ್ಯಾಟರಿ ಬಿಟ್ಟು ಇನ್ನೊಂದು ಹೊರುವುದೆಂದರೆ ಗಳದಣ್ಣನಿಗೆ ಬೇಜಾರು. ಇಂದು ಬೆಳಿಗ್ಗೆ ಅವಳು ಬೇಡ ಬೇಡವೆಂದರೂ ಮೋಟರಿನ ಬ್ಯಾಟರಿಗೇ ವೈರು ಸಿಕ್ಕಿಸಿದ್ದ.

ಈಗ ಅದೇ ಒಳ್ಳೆಯದಾಯಿತು ಎನಿಸಿತು ಅವನಿಗೆ. “ಅಂಗಡಿಯವನು ಹೇಳಿದ್ದು ನಿಜ ಕಣಮ್ಮ. ಮೋಟರಿಗೆ ಬೆಚ್ಚಿಬಿದ್ದಿದೆ, ಪಾಪ.”

“ಗೆರೆ ಕುಣೀತಿದೆ, ಸರಿ. ಎಂಟು ಅಲ್ಲಾಡ್ತಿಲ್ಲವಲ್ಲ ಭಾವ,” ಎಂದಳು ಅವಳು.

ಅವಳ ಕಾಲ ಬಳಿ ಬಿಸ್ಕತ್ತಿನ ಹಳೇ ಡಬ್ಬಿಯಿತ್ತು. ಮುಚ್ಚಳ ತೆಗೆದಳು. ಒಳಗೆ ಹಳೇ ಟವೆಲು ಸುತ್ತಿ ಕೂರಿಸಿದ್ದ ಸಣ್ಣ ಬ್ಯಾಟರಿ. ಇವನು ಹೊರಲಾರೆನೆಂದದ್ದನ್ನು ಅವಳೇ ಸದ್ದಿಲ್ಲದೆ ತಂದಿದ್ದಳು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಇರುವೆ ಸಾಲು ಮಾಯವಾಗಿ ತೊಳೆದಿಟ್ಟ ತಟ್ಟೆಯಂತಾಯಿತು. ಕೆಳಗಡೆ ಹೆಬ್ಬೆರಳ ದಪ್ಪದ ಗೆರೆ ಮೂಡಿತು. ಮೂಲೆಯಲ್ಲಿ ಅದೇ ಎಂಟು.

ಗಳದಣ್ಣನ ನಗು ತುಟಿಯ ಮೇಲೇ ಉಳಿಯಿತು. “ಅಡಿ ಅಲ್ಲ ಅದು, ಮೀಟರ್ ಇರ್ಬೇಕು. ಮೀಟರಾದ್ರೆ ಇಪ್ಪತ್ತಾರು ಅಡಿ ಆಯ್ತು. ನನ್ನ ಗಳಕ್ಕೂ ಸಿಗಲ್ಲ.”

“ಅಂಗಡೀಲಿ ನಿಮ್ಮ ಮುಂದೇನೆ ಅಡಿ ಲೆಕ್ಕಕ್ಕೆ ಇಡಿಸಿದ್ದು.”

“ಹಾಳಾಗಿರ್ಬೇಕು ಹಾಗಿದ್ರೆ!”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಅವಳು. ದಿನವೂ ಇಂಥ ಮಾತಿಗೆ ಇಬ್ಬರೂ ನಗುತ್ತಿದ್ದರು. ಇವತ್ತು ಅವಳ ದನಿ ಒಣಗಿತ್ತು. “ನಿಮಗೆ ಸರಿಯಾಗಿ ಆಳ ಗೊತ್ತಿರೋ ಜಾಗ ಹೇಳಿ. ನೋಡೇ ಬಿಡೋಣ.”

“ಬೊಡ್ಡೆ ಹತ್ರ ನಡಿ. ಹನ್ನೊಂದು ಅಡಿ, ಒಂದಂಗುಲ ಆಚೀಚೆ ಇಲ್ಲ.”

ಮುಳುಗಿದ ಮರದ ಬೊಡ್ಡೆ ಅಲ್ಲಿಂದ ಕೂಗಳತೆ ದೂರ. ದೋಣಿ ಹೋಗುವಷ್ಟು ಹೊತ್ತೂ ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. ಬೊಡ್ಡೆಯ ಹತ್ತಿರ ಒಂಬತ್ತು ತೋರಿಸಲಿ, ಇಪ್ಪತ್ತು ತೋರಿಸಲಿ, ಏನಾದರೂ ತಪ್ಪು ತೋರಿಸಿಬಿಡಲಿ ಎಂದು ಬೇಡಿಕೊಂಡ. ಅಷ್ಟು ದುಬಾರಿಯ ಸಾಮಾನು ಕೆಟ್ಟಿರಲಿ ಎಂದು ಹಂಬಲಿಸಿದವನು ಅವನೊಬ್ಬನೇ ಇರಬೇಕು. ಯಂತ್ರ ಹನ್ನೊಂದು ಎಂದಿತು. ಗಳ ಇಳಿಸಿದ. ಹನ್ನೊಂದನೇ ಕಚ್ಚು ನೀರಿನ ಮಟ್ಟಕ್ಕೆ ನಿಂತಿತು.

“ವಾಪಸ್ ಹೋಗೋಣ,” ಎಂದಳು ಅವಳು.

“ಮನೆಗಾ?”

“ಮಡುವಿಗೆ.”

ಮಡುವಿನ ಅಂಚು ಬಂದಾಗ ರೂಢಿಯಂತೆ ಅವನ ಕೈ ತಾನಾಗಿ ಗಳವನ್ನು ಎತ್ತಿ ಉದ್ದಕ್ಕೆ ಮಲಗಿಸಿತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಪರದೆಯ ಮೇಲೆ ಹತ್ತು, ಒಂಬತ್ತು, ಎಂಟು. ಮೋಟರು ನಿಂತಿತು.

“ಮಳೆ ಕಮ್ಮಿ ಆಗಿ ನೀರಿಳಿದಿದೆ,” ಎಂದ. “ಅವತ್ತು ಇಷ್ಟೇ ಇರ್ಲಿಲ್ಲ ತಾಯಿ.”

“ಅವತ್ತು ನೀರು ದಡದ ಕಂಬದ ಮೂರನೇ ಗೆರೆಗಿತ್ತು. ಪೊಲೀಸರ ಮುಂದೆ ನೀವೇ ಬರೆಸಿದ್ದು. ನಂಗೆ ಓದಿ ಹೇಳಿದ್ರು.” ಅವಳು ದಡದ ಕಡೆ ತಿರುಗಲಿಲ್ಲ. ಅವನು ತಿರುಗಿದ. ನೀರಳೆಯುವ ಕಲ್ಲುಕಂಬ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಬೆಳಿಗ್ಗೆ ದೋಣಿ ಬಿಡುವಾಗಲೇ ನೋಡಿದ್ದ. ನೀರು ಮೂರನೇ ಗೆರೆಗೇ ಇತ್ತು.

“ಗಳ ಇಳಿಸಿ ಭಾವ.”

“ಮಡುವಲ್ಲಿ ಗಳ ಇಳಿಸ್ಬಾರದು ಕಣಮ್ಮ…”

“ಇಳಿಸಿ.”

ಅವನು ಬಿದಿರನ್ನು ಎತ್ತಿ, ದೋಣಿಯ ಅಂಚಿಗೆ ಆತು, ಕಪ್ಪು ನೀರಿಗೆ ಇಳಿಬಿಟ್ಟ. ಕಿತ್ತುಕೊಳ್ಳಲಿ, ಈಗಲಾದರೂ ಯಾರೋ ಒಳಗಿನಿಂದ ಕಿತ್ತುಕೊಂಡುಬಿಡಲಿ! ಒಂದು ಕಚ್ಚು ಮುಳುಗಿತು, ಎರಡು, ಐದು, ಏಳು. ಠಕ್ಕೆಂದು ತಗುಲಿತು. ಕೈಯಿಂದ ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ಆ ಸದ್ದು ಹತ್ತಿತು. ಕಣ್ಣು ಮುಚ್ಚಿ ಹೇಳಬಲ್ಲವನಲ್ಲವೇ ಅವನು, ಕೈಗೆ ಕೂಡಲೇ ತಿಳಿಯಿತು: ಬಂಡೆ. ಚಪ್ಪಡಿಯಂಥ ಕರೀ ಬಂಡೆ. ನೀರು ಕಪ್ಪಾದದ್ದು ಆಳಕ್ಕಲ್ಲ, ಈ ಬಂಡೆಯ ಬಣ್ಣಕ್ಕೆ. ಬಲೆ ಹರಿಯುತ್ತಿದ್ದದ್ದು ಇದರ ಅಂಚಿಗೆ. ಎಂಟನೇ ಕಚ್ಚು ನೀರಿನ ಮಟ್ಟದಲ್ಲಿತ್ತು, ಇನ್ನೂ ಎಂಟು ಅಡಿ ಬಿದಿರು ನೀರಿನ ಮೇಲೇ ಉಳಿದಿತ್ತು. ಅಂದು ದೋಣಿಯಲ್ಲಿದ್ದದ್ದೂ ಇದೇ ಗಳ. ಅವನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಕಚ್ಚಿ ಹಿಡಿದು ಕೂಗುತ್ತಿದ್ದಾಗ, ಗಳ ಅವನ ಮಗ್ಗುಲಲ್ಲೇ ಮಲಗಿತ್ತು.

ಗಳದ ತುದಿ ಬಂಡೆಯ ಬಿರುಕನ್ನು ಕೆದಕಿತೋ ಏನೋ, ನಾಲ್ಕಾರು ಗುಳ್ಳೆಗಳು ಎದ್ದು ಬಿದಿರಿನ ಪಕ್ಕದಲ್ಲೇ ಒಡೆದವು. ಇಬ್ಬರೂ ನೋಡಿದರು.

“ಅವತ್ತು ಗುಳ್ಳೆ ಬಂದಿತ್ತಾ?” ಎಂದು ಕೇಳಿದಳು.

ಇಲ್ಲವೆಂದುಬಿಡಬಹುದಿತ್ತು. ಕಂಡವರು ಯಾರೂ ಇರಲಿಲ್ಲ. ಹನ್ನೊಂದು ವರ್ಷ ಬಾಯಿ ಬಿಡದವನಿಗೆ ಇನ್ನೊಂದು ಸುಳ್ಳು ಭಾರವಾಗುತ್ತಿರಲಿಲ್ಲ. ಆದರೆ ಅವನ ಕೈಯಲ್ಲಿದ್ದ ಗಳ ಇನ್ನೂ ಬಂಡೆಯ ಮೇಲಿತ್ತು.

“ಬಂದಿತ್ತು,” ಎಂದ.

“ಎಷ್ಟು ಹೊತ್ತು?”

“ತುಂಬ ಹೊತ್ತು.” “ಒಂದೇ ಕಡೆ ಬರ್ತಿತ್ತು ತಾಯಿ. ಇಲ್ಲೇ, ಕೈಗೆ ಸಿಗೋ ಹಾಗೆ. ನಾನು ನೋಡ್ತಾ ಕೂತಿದ್ದೆ. ಆಳ ಅಂದ್ಕೊಂಡೆ. ದೇವರಾಣೆ, ಆಳ ಅಂದ್ಕೊಂಡೆ.”

ಅವಳು ಅಳಲಿಲ್ಲ. ಬೈದಿದ್ದರೆ, ಗಳವನ್ನು ಕಿತ್ತು ಅವನ ತಲೆಗೆ ಬಡಿದಿದ್ದರೆ, ಅವನು ತಲೆ ಬಗ್ಗಿಸುತ್ತಿದ್ದ. ಅವಳು ಪರದೆಯ ಕಡೆ ತಿರುಗಿದಳು. ಪರದೆಯ ಮೇಲೆ ಮೂರು ಸಣ್ಣ ಮೀನಿನ ಗುರುತುಗಳು ಮೂಡಿ, ದಪ್ಪ ಗೆರೆಯ ಮೇಲ್ಗಡೆ ನಿಧಾನವಾಗಿ ದಾಟಿ ಹೋದವು. ಯಂತ್ರ ಕೀಂ ಕೀಂ ಎಂದಿತು. ಅವಳ ಮಾತು ಸುಳ್ಳಾಗಿರಲಿಲ್ಲ, ಮಡುವಿನಲ್ಲಿ ಮೀನಿತ್ತು. ಅವಳು ಕೈ ಚಾಚಿ ಕೆಂಪು ವೈರು ಕಿತ್ತಳು.

ಆಮೇಲೆ ಎದ್ದು ಬಂದು ಅವನ ಕೈಯಿಂದ ಗಳ ತೆಗೆದುಕೊಂಡಳು. ನೀರಿನಿಂದ ಮೇಲೆತ್ತಿ, ದೋಣಿಯ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಎಂಟನೇ ಕಚ್ಚಿನವರೆಗೂ ಬಿದಿರು ಒದ್ದೆಯಾಗಿ ಕಪ್ಪಾಗಿತ್ತು, ಅದರ ಮೇಲೆ ಒಣಗಿ ಹಳದಿ. ಗಳಕ್ಕೆ ಮೈ ಆನಿಸಿ ನಿಂತು ಅವಳು ಬಲಗೈಯನ್ನು ತಲೆಯ ಮೇಲೆ ನೇರವಾಗಿ ಎತ್ತಿದಳು, ಬೆರಳುಗಳನ್ನೂ ಚಾಚಿದಳು. ಒದ್ದೆಯ ಗುರುತು ಅವಳ ಬೆರಳ ತುದಿಗಿಂತ ಎರಡು ಗೇಣು ಮೇಲಿತ್ತು.

“ಅವರು ನನಗಿಂತ ಒಂದು ಗೇಣು ಎತ್ತರ,” ಎಂದಳು. “ನೀರಿನ ಮೇಲಕ್ಕೆ ಇನ್ನೊಂದೇ ಗೇಣು.”

ಬಿದಿರಿನಿಂದ ಇಳಿದ ನೀರು ಅವಳ ಬೆರಳ ಮೇಲೆ ಹರಿದು, ಮಣಿಕಟ್ಟು ದಾಟಿ, ರವಿಕೆಯ ತೋಳಿನವರೆಗೆ ಬಂತು. ಅವಳು ಕೈ ಇಳಿಸಲಿಲ್ಲ.