ಎಷ್ಟು ಕಳಿಸಲಿ?

ಚಿಲಕಪ್ಪ ಇನ್ನೊಂದು ಡಬ್ಬಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿ ತಳಕ್ಕೆ ಗುದ್ದಿದ. ಒಂದು ಚಿಟಿಕೆ ತುಕ್ಕಿನ ಪುಡಿ ಬಿತ್ತು, ಅಷ್ಟೇ.

“ಎರಡಿಂಚಿನ ಸ್ಕ್ರೂ ಒಂದೂ ಇಲ್ವಾ?” ಬಾಗಿಲಲ್ಲಿ ನಿಂತಿದ್ದ ಬಡಗಿ ಕೇಳಿದ. “ಪೆಟ್ಟಿಗೆ ರೆಡಿ ಇದೆ, ಮುಚ್ಚಳಕ್ಕೆ ಹಾಕೋಕೆ ಬೇಕು. ಹಾರ್ಡ್‌ವೇರ್ ಅಂಗಡಿ ಯಜಮಾನರ ಪೆಟ್ಟಿಗೆಗೆ ನಾನು ಹೊರಗಿಂದ ಸ್ಕ್ರೂ ತರೋದಾ ಅಂತ ಬರಿಗೈಲಿ ಬಂದೆ.”

“ಇರಬೇಕಿತ್ತು. ಎಲ್ಲಿಗೆ ಹೋಯ್ತು ಅಂತ ಮಹಡಿ ಮೇಲೆ ಮಲಗಿರೋನನ್ನೇ ಕೇಳಬೇಕು.”

ಬಡಗಿ ಕೆನ್ನೆ ಕೆರೆದುಕೊಂಡ. ಸಾವಿನ ಮನೆಯಲ್ಲಿ ತಮಾಷೆಗೆ ನಗಬೇಕೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ. ಆದರೆ ಚಿಲಕಪ್ಪ ತಮಾಷೆ ಮಾಡಿರಲಿಲ್ಲ. ಅಣ್ಣನ ಹೆಣ ಮಹಡಿಯ ಮೇಲಿತ್ತು. ಮಧ್ಯಾಹ್ನಕ್ಕೆ ಮಣ್ಣು ಮಾಡಬೇಕು. ಅಷ್ಟರೊಳಗೆ ಒಂದು ಮಾತು ಇತ್ಯರ್ಥವಾಗಲೇಬೇಕೆಂದು ಅವನು ಹಟ ಹಿಡಿದಿದ್ದ. ಇಬ್ಬರಿಗೂ ಸೇರಿದ ಅಂಗಡಿಯನ್ನು ಅಣ್ಣ ಒಳಗೊಳಗೇ ಬರಿದು ಮಾಡಿ, ಸರಕನ್ನೆಲ್ಲ ತನ್ನ ಅಳಿಯನಿಗೆ ಸಾಗಿಸಿದ್ದನೋ ಇಲ್ಲವೋ? ಸಾಗಿಸಿದ್ದರೆ ಪೆಟ್ಟಿಗೆಗೆ ಹೆಗಲು ಕೊಡುವುದಿಲ್ಲ ಎಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿಬಿಟ್ಟಿದ್ದ.

ಅಷ್ಟರಲ್ಲಿ ಆ ಅಳಿಯನೇ ಮೆಟ್ಟಿಲಿಳಿದು ಬಂದ. ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು. ಅದನ್ನೂ ಚಿಲಕಪ್ಪ ನಂಬಲಿಲ್ಲ.

“ಚಿಕ್ಕಮಾವ, ಅತ್ತೆ ಕರೀತಿದ್ದಾರೆ.”

“ಬರ್ತೀನಿ. ಹೊಸ ಬಡಾವಣೇಲಿ ಮಳಿಗೆ ಹಿಡಿದಿದ್ದೀಯಂತೆ?”

“ಹೂಂ. ಕನ್ನಡಕದ್ದು.”

“ಕನ್ನಡಕದ ಅಂಗಡೀಗೂ ಸ್ಕ್ರೂ ಬೇಕಾಗುತ್ತೆ, ಅಲ್ವಾ?”

“ಬೇಕಾಗುತ್ತೆ. ಸಾಸಿವೆ ಕಾಳಷ್ಟು ಗಾತ್ರದ್ದು,” ಎಂದ ಅಳಿಯ, ಏನೂ ಅರ್ಥವಾಗದೆ.

ಇವನು ಪಾಕಡಾ ಎಂದುಕೊಂಡು ಚಿಲಕಪ್ಪ ಮಹಡಿ ಹತ್ತಿದ. ಮೆಟ್ಟಿಲ ಮೇಲೆ ಕೂತಿದ್ದ ಪಕ್ಕದಂಗಡಿಯ ದರ್ಜಿ ಇನ್ಯಾರಿಗೋ ಪಿಸುಗುಡುತ್ತಿದ್ದ. “ಇನ್ನು ಅಂಗಡಿ ಇವನ ಕೈಗೆ. ಬಾಗಿಲಿಗೆ ಚಿಲಕ ಬೀಳುತ್ತೆ, ನೋಡ್ತಿರು.”

* * *

ಚಿಲಕಪ್ಪನಿಗೆ ತಾಯಿ ಇಟ್ಟ ಹೆಸರು ಬೇರೆ. ಹರೆಯದಲ್ಲಿ, ಅಣ್ಣ ಊರಲ್ಲಿಲ್ಲದಾಗ, ಹಿತ್ತಾಳೆ ರೇಟು ಏರುತ್ತದೆಂಬ ಗಾಳಿಸುದ್ದಿ ನಂಬಿ ಒಂದು ಲಾರಿ ತುಂಬ ಚಿಲಕ ತರಿಸಿದ್ದ. ರೇಟು ಇಳಿಯಿತು. ಊರಿನ ಬಾಗಿಲುಗಳಿಗೆಲ್ಲ ಎರಡೆರಡು ಹಾಕಿದರೂ ಮುಗಿಯದಷ್ಟು ಚಿಲಕ ಮನೆಯೊಳಗೆಲ್ಲ ತುಂಬಿಕೊಂಡು, ಅಣ್ಣತಮ್ಮಂದಿರು ವರ್ಷಗಟ್ಟಲೆ ಚಿಲಕದ ಪೆಟ್ಟಿಗೆಗಳ ಮೇಲೇ ಕೂತು ಊಟ ಮಾಡಿದರು. ಬೀದಿಯವರು ಹೆಸರಿಟ್ಟರು.

ಅಣ್ಣ ಬೈಯಲಿಲ್ಲ. ಆರ್ಡರ್ ಕೊಡುವ ಕೆಲಸವನ್ನು ಮಾತ್ರ ತಾನೇ ಇಟ್ಟುಕೊಂಡ. ವಾರಕ್ಕೊಮ್ಮೆ ಬೆರಳ ಗೆಣ್ಣಿನಿಂದ ಒಂದೊಂದೇ ಡಬ್ಬಿ ತಟ್ಟುತ್ತ ಹೋಗುವನು; ಸದ್ದು ಕೇಳಿಯೇ ಒಳಗೆ ಎಷ್ಟಿದೆ ಎಂದು ಅವನಿಗೆ ತಿಳಿಯುತ್ತಿತ್ತು.

“ಲಾರಿ ಬರೋವರೆಗೆ ಮಾರೋಕೆ ಸಾಕಾಗುವಷ್ಟು ಇರುವಾಗ್ಲೇ ಆರ್ಡರ್ ಹೇಳಿಬಿಡಬೇಕು ಕಣೋ. ಬೇಗ ಹೇಳಿದ್ರೆ ದುಡ್ಡಿಗೆ ತುಕ್ಕು ಹಿಡಿಯುತ್ತೆ. ತಡ ಮಾಡಿದ್ರೆ ಗಿರಾಕಿ ಬೇರೆ ಅಂಗಡಿ ರೂಢಿ ಮಾಡ್ಕೋತಾನೆ.”

“ಹಾಗಾದ್ರೆ ಈ ಸಲ ನಾನು ಹೇಳ್ಲಾ?”

“ಇನ್ನೊಂದ್ಸಲ ನೋಡೋಣ.”

ಆ ಇನ್ನೊಂದು ಸಲ ಬರಲೇ ಇಲ್ಲ. ಇಬ್ಬರ ತಲೆಯೂ ನರೆಯಿತು. ಅಣ್ಣನಿಗೆ ಸರಕಿನ ಏಜೆಂಟನಿಂದ ಕಮಿಷನ್ ಬರುತ್ತಿರಬೇಕು, ಅದಕ್ಕೇ ಬಿಟ್ಟುಕೊಡುತ್ತಿಲ್ಲ ಎಂದು ಚಿಲಕಪ್ಪ ಹೆಂಡತಿಯ ಮುಂದೆ ಹೇಳುತ್ತಿದ್ದ. ಹೇಳಿ ಹೇಳಿ ಅದು ಅವನಿಗೇ ನಿಜವಾಯಿತು.

ಈಚೆಗೆ, ಕಾಯಿಲೆ ಹೆಚ್ಚಾದ ಮೇಲೆ, ಅಣ್ಣ ಡಬ್ಬಿ ತಟ್ಟುವುದನ್ನೇ ಬಿಟ್ಟ. ಸರಕು ಬರುವುದು ನಿಂತಿತು. ಮೊದಲು ಮೊಳೆ, ಆಮೇಲೆ ಸ್ಕ್ರೂ, ಆಮೇಲೆ ಕೀಲು. ಗಿರಾಕಿ ಕೇಳಿದರೆ ಚಿಲಕಪ್ಪ “ಇಲ್ಲ” ಎಂದು ಅಣ್ಣನ ಮುಖ ನೋಡುವನು. ಅಣ್ಣ ಅವನ ಮುಖ ನೋಡುವನು. ಬಾಯಿ ಬಿಟ್ಟರೆ ಕಳ್ಳ ಹುಷಾರಾಗುತ್ತಾನೆ ಎಂದು ಚಿಲಕಪ್ಪ ತುಟಿ ಹೊಲಿದುಕೊಂಡು ಕಾದ. ಅಣ್ಣನೂ ಏನನ್ನೋ ಕಾಯುತ್ತಿದ್ದ. ಸಿಕ್ಕಿಬೀಳುವ ಭಯ ಇರಬೇಕು ಎಂದುಕೊಂಡ ತಮ್ಮ.

* * *

“ಅಣ್ಣನ ಹತ್ರ ಸ್ವಲ್ಪ ಹೊತ್ತು ಕೂತ್ಕೋ,” ಅಂದಳು ಅತ್ತಿಗೆ. “ಇವತ್ತೂ ಅಂಗಡೀಲಿ ಏನು ಕೆಲಸ?”

ಚಿಲಕಪ್ಪ ಕೂರಲಿಲ್ಲ. ಕಿಟಕಿಯ ಪಕ್ಕ ಕೈಕಟ್ಟಿ ನಿಂತಿದ್ದ ಏಜೆಂಟ್ ಅವನ ಕಣ್ಣಿಗೆ ಬಿದ್ದ. ಅಂಗಡಿಗೆ ಮೊದಲಿನಿಂದಲೂ ಸರಕು ಕಳಿಸುತ್ತಿದ್ದವನು ಅವನೇ. ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ.

“ನಿಜ ಹೇಳಿ. ಸರಕು ಎಲ್ಲಿಗೆ ಕಳಿಸೋಕೆ ಹೇಳಿದ್ದ?”

“ಎಲ್ಲಿಗೂ ಇಲ್ಲ. ನಿಲ್ಲಿಸಿ ಅಂದಿದ್ರು.”

“ಯಾಕೆ?”

ಏಜೆಂಟ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. “ಡಾಕ್ಟರು ಕೈಚೆಲ್ಲಿದ ದಿನ ಫೋನ್ ಮಾಡಿದ್ರು. ‘ಇನ್ನು ಆರ್ಡರ್ ನನ್ನ ತಮ್ಮ ಕೊಡ್ತಾನೆ. ಅವನಾಗೇ ಹೇಳೋವರೆಗೆ ಒಂದು ಮೊಳೇನೂ ಕಳಿಸಬೇಡಿ’ ಅಂದ್ರು. ನಾನೇ ನಿಮ್ಮನ್ನ ಕೇಳ್ಲಾ ಅಂದೆ. ‘ಬೇಡ, ಹೇಳಿಕೊಟ್ಟ ಹಾಗಾಗುತ್ತೆ. ನಾನಿರುವಾಗ್ಲೇ ಒಂದ್ಸಲ ಅವನು ಕೊಡೋದನ್ನ ನೋಡಬೇಕು. ಡಬ್ಬಿ ತಳ ಕಂಡ ಮೇಲೆ ಯಾರಾದ್ರೂ ಸುಮ್ನಿರ್ತಾರಾ’ ಅಂದ್ರು.”

ಚಿಲಕಪ್ಪ ಒಲೆಯ ಕಟ್ಟೆಗೆ ಒರಗಿದ. “ಆಮೇಲೆ?”

“ಆಮೇಲೆ ದಿನಾ ಸಂಜೆ ಫೋನ್. ‘ಹೇಳಿದ್ನಾ?’ ಅಂತ. ಇಲ್ಲ ಅಂದ್ರೆ, ‘ನಾಳೆ ಹೇಳ್ತಾನೆ ಬಿಡಿ’ ಅನ್ನೋರು.” ಏಜೆಂಟ್ ಗಂಟಲು ಸರಿಮಾಡಿಕೊಂಡ. “ಇವತ್ತು ಕೇಳಬಾರದು. ಆದ್ರೂ… ಎಷ್ಟು ಕಳಿಸಲಿ?”

ಕೆಳಗಿನಿಂದ ಬಡಗಿ ಕೂಗಿದ. “ಸ್ಕ್ರೂ ಸಿಕ್ತಾ? ಹೊತ್ತಾಯ್ತು!”

ಚಿಲಕಪ್ಪ ಅಡುಗೆಮನೆಯಿಂದ ಹೊರಬಂದ. ಅಣ್ಣನ ಮುಖ ನೋಡುವ ಧೈರ್ಯವಾಗದೆ ಗೋಡೆಯ ಕಡೆ ತಿರುಗಿಕೊಂಡೇ ನಡುಮನೆ ದಾಟಿ ಕೆಳಗಿಳಿದ. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು. ಕಳ್ಳನನ್ನು ಹಿಡಿಯಲೆಂದು ಕಾದು ಕೂತಿದ್ದ ಅಷ್ಟು ದಿನಗಳಲ್ಲಿ ಒಂದು ದಿನ, ಅಣ್ಣಾ ಸ್ಕ್ರೂ ಮುಗಿದಿದೆ ಎಂದಿದ್ದರೆ ಸಾಕಿತ್ತು.

ಎದುರುಬದಿಯ ಹಾರ್ಡ್‌ವೇರ್ ಅಂಗಡಿ ಸಾವಿನ ಮರ್ಯಾದೆಗೆ ಅರ್ಧ ಷಟರ್ ಇಳಿಸಿತ್ತು. ಆ ಮನೆಗೂ ಈ ಮನೆಗೂ ಮಾತಿರಲಿಲ್ಲ. ಚಿಲಕಪ್ಪ ಬಗ್ಗಿ ಒಳಗೆ ಹೋದ.

“ಎರಡಿಂಚಿನ ಸ್ಕ್ರೂ,” ಅಂದ.

ಅಂಗಡಿಯವನಿಗೆ ಯಾತಕ್ಕೆಂದು ತಿಳಿಯಿತು. ಎದ್ದು ನಿಂತು ಚೀಲದ ಬಾಯಿ ಬಿಚ್ಚಿದ. “ಎಷ್ಟು ಬೇಕು?”

ಚಿಲಕಪ್ಪ ಬಡಗಿಯನ್ನು ಕೇಳಿಕೊಂಡು ಬಂದಿರಲಿಲ್ಲ. ಸುಮ್ಮನೆ ಅಂಗೈ ಚಾಚಿದ. ಅಂಗಡಿಯವನು ಸಾಕು ಅನ್ನುವುದನ್ನು ಕಾಯುತ್ತ ಸುರಿಯತೊಡಗಿದ. ಅಂಗೈ ತುಂಬಿತು. ಚಿಲಕಪ್ಪ ಇನ್ನೊಂದು ಕೈ ಜೋಡಿಸಿದ. ಬೊಗಸೆಯೂ ತುಂಬಿ ಸ್ಕ್ರೂಗಳು ಬೆರಳ ಸಂದಿಯಿಂದ ಜಾರಿ ನೆಲದ ಮೇಲೆಲ್ಲ ಚೆಲ್ಲತೊಡಗಿದವು. ಅಂಗಡಿಯವನು ಸಾಕು ಅನ್ನುವ ಮಾತಿಗೆ ಇನ್ನೂ ಕಾಯುತ್ತಿದ್ದ.