ಸಿಂಹದ ಕೊರಳಿನ ಗೆರೆ

ನಾಡಿದ್ದು ಬೆಳಿಗ್ಗೆ ಎರಕದವನ ಬಲಗೈ ಕಡಿಯುತ್ತಾರೆ ಎಂದು ಪೇಟೆಯಲ್ಲಿ ಸಾರಿದರು. ಅವನ ಮನೆಯ ಪೆಟ್ಟಿಗೆಯಲ್ಲಿ ಖೋಟಾ ನಾಣ್ಯ ಸಿಕ್ಕಿತ್ತು. ಖೋಟಾ ಗುರುತಿಸುವುದು ಹೇಗೆಂದು ಮೊದಲೇ ಡಂಗುರ ಹೊಡೆಸಿದ್ದರು: ನಾಣ್ಯದ ಮೇಲಿನ ಸಿಂಹದ ಕೊರಳಲ್ಲಿ ಕೂದಲೆಳೆಯಷ್ಟು ಉಬ್ಬಿದ ಗೆರೆ.

ಆ ಗೆರೆ ಎಲ್ಲಿಂದ ಬಂತೆಂದು ಬಲ್ಲವನು ಒಬ್ಬನೇ. ಟಂಕಸಾಲೆಗೆ ಅಚ್ಚು ಕೊರೆಯುವ ಮುದುಕ, ಎರಕದವನ ಮಾವ. ಕಳೆದ ಚಳಿಗಾಲದಲ್ಲಿ ಕಾದ ಅಚ್ಚನ್ನು ನೀರಿಗೆ ಅದ್ದುವಾಗ, ಕಾವಿನ ಬಣ್ಣ ಸರಿಯಾಗಿ ಕಾಣದೆ ಅವಸರ ಮಾಡಿದ್ದ. ಉಕ್ಕು ಬಿರಿಯಿತು. ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಳ್ಳಲಾಗದೆ ಬಿರುಕಿಗೆ ಮೇಣ ಮೆತ್ತಿ ಕೊಟ್ಟುಬಿಟ್ಟಿದ್ದ. ಹೊಡೆತಕ್ಕೆ ಮೇಣ ಉದುರಿ, ಬಿರುಕು ನಾಣ್ಯದ ಮೇಲೆ ಗೆರೆಯಾಗಿ ಎದ್ದಿತು. ಆ ಅಚ್ಚಿನಲ್ಲಿ ಹೊಡೆದ ಅಸಲಿ ನಾಣ್ಯಗಳೇ ಅವನ ಸಂಬಳವಾಗಿ ಬಂದವು. ಮಗಳ ಪೆಟ್ಟಿಗೆಗೆ ಹಾಕಿದವನೂ ಅವನೇ.

ಇದನ್ನೆಲ್ಲ ಬೆಳಿಗ್ಗೆ ಮಗಳಿಗೆ ಹೇಳಿದ. ಅವಳು ಬೈಯಲಿಲ್ಲ. "ಟಂಕಸಾಲೆಗೆ ಹೋಗಿ ಹೇಳಪ್ಪ," ಅಂದಳು.

ಟಂಕಸಾಲೆಯ ಅಧಿಕಾರಿ ಪೂರ್ತಿ ಕೇಳಿ, ಎದ್ದು ಬಾಗಿಲು ಮುಚ್ಚಿದ.

"ಅಂದ್ರೆ ಊರಲ್ಲಿ ಖೋಟಾನೇ ಇಲ್ಲ?"

"ಇಲ್ಲ ಸ್ವಾಮಿ. ಅಷ್ಟೂ ನಮ್ಮವೇ. ಕಡಿಯೋದಾದ್ರೆ ನನ್ನ ಕೈ ಕಡೀರಿ."

"ಕಡಿದ್ರೆ ಹೊಸ ಅಚ್ಚು ನಿಮ್ಮಜ್ಜ ಎದ್ದು ಬಂದು ಕೊರೀತಾನಾ?" ಅಧಿಕಾರಿ ಹಣೆ ಉಜ್ಜಿಕೊಂಡ. "ನೋಡಿ ಯಜಮಾನ್ರೇ, ಗೆರೆ ಇರೋದನ್ನೆಲ್ಲ ಜನ ತಂದು ಕುಲುಮೆಗೆ ಸುರಿದಾಯ್ತು. ಅವು ಅಸಲಿ ಆಗಿದ್ವು ಅಂತ ಈಗ ಹೇಳಿದ್ರೆ ಈ ಬಾಗಿಲು ಉಳಿಯುತ್ತಾ? ನಾಳೆಯಿಂದ ಅರಸರ ನಾಣ್ಯ ಯಾರು ಮುಟ್ತಾರೆ?"

"ನನ್ನ ಅಳಿಯ ಏನೂ ಮಾಡಿಲ್ಲ."

"ಗೊತ್ತಾಯ್ತಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಅಚ್ಚಿಗೆಂದು ಉಕ್ಕಿನ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ಮುದುಕನ ಕೈಗಿಟ್ಟ. "ಈ ಸಲ ನಿಧಾನಕ್ಕೆ ಮಾಡಿ."

ದಾರಿಯಲ್ಲಿ ಮುದುಕ ಹಣ ಪರೀಕ್ಷಿಸುವ ಚಿನಿವಾರನ ಅಂಗಡಿಯ ಮುಂದೆ ನಿಂತು, ಅಲ್ಲಿದ್ದ ನಾಲ್ಕು ಜನಕ್ಕೂ ಕೇಳುವಂತೆ ಅದನ್ನೇ ಹೇಳಿದ. ಚಿನಿವಾರ ಕುಡಿಯಲು ನೀರು ಕೊಟ್ಟ.

"ಮಗಳ ಗಂಡ ಅಂದ್ಮೇಲೆ ಯಾರಾದ್ರೂ ಹೀಗೇ ಹೇಳ್ತಾರೆ ಬಿಡಣ್ಣ. ಮನೆಗೆ ಹೋಗು."

ಮಗಳು ಎರಕದ ಮನೆಯಲ್ಲಿದ್ದಳು. ಗಂಡ ಅರ್ಧಕ್ಕೆ ಬಿಟ್ಟುಹೋದ ಗಂಟೆಯ ಮಣ್ಣಿನ ಅಚ್ಚು ಒಣಗದಿರಲೆಂದು ಅದಕ್ಕೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು.

"ಹೇಳಿದ್ಯಾ ಅಪ್ಪ?"

"ಹೇಳ್ದೆ."

"ನಂಬಿದ್ರಾ?"

"ಅಧಿಕಾರಿ ನಂಬಿದ್ರು."

"ಹಾಗಾದ್ರೆ ಅವರನ್ನ ಬಿಡ್ತಾರೆ!" ಅವಳು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಗಂಡನನ್ನು ಹಿಡಿದೊಯ್ದ ಹನ್ನೊಂದು ದಿನದಲ್ಲಿ ಮೊದಲ ಸಲ ಅವಳು ನಗುವುದು ಕೇಳಿಸಿತು. ಮುದುಕ ಉಕ್ಕಿನ ತುಂಡು ಹಿಡಿದು ಹೊಸ್ತಿಲ ಆಚೆಯೇ ನಿಂತಿದ್ದ. ಅವಳು ತಲೆಯೆತ್ತಿ ತನ್ನ ಮುಖ ನೋಡುವುದನ್ನೇ ಕಾಯುತ್ತ.