ಬಾಗಿಲಿಗೆ ಅಡ್ಡ ನಿಂತವಳು

ನಮ್ಮ ಸ್ಟುಡಿಯೋದ ಕತ್ತಲೆ ಕೋಣೆಯ ಬಾಗಿಲ ಮೇಲೊಂದು ಕೆಂಪು ಬಲ್ಬಿತ್ತು. ಅದು ಉರಿಯುತ್ತಿದ್ದರೆ ಒಳಗೆ ನಾನು ಫಿಲ್ಮ್ ತೊಳೆಯುತ್ತಿದ್ದೇನೆಂದು ಅರ್ಥ. ಯಾರೂ ಬಾಗಿಲು ತೆರೆಯುವಂತಿರಲಿಲ್ಲ. ಫೋಟೋ ತೆಗೆಯುತ್ತಿದ್ದವಳು ಅಕ್ಕ ಭಾಗೀರಥಿ. ಗಿರಾಕಿಗಳು ಕೈಯಲ್ಲಿ ಹಿಡಿದು ಗತ್ತಿನಿಂದ ನಿಲ್ಲಲೆಂದು ಒಂದು ಮರದ ಪಿಸ್ತೂಲನ್ನೂ ಇಟ್ಟಿದ್ದೆವು.

ಆ ವಾರ ಪೇಟೆಯಲ್ಲಿ ಯಾರೋ ಪಿಸ್ತೂಲು ತೋರಿಸಿ ಒಬ್ಬ ವ್ಯಾಪಾರಿಯನ್ನು ದೋಚಿದ್ದರು. ಮಧ್ಯಾಹ್ನ ಪೊಲೀಸರ ಬೂಟುಗಳ ಸದ್ದು ಕತ್ತಲೆ ಕೋಣೆಯೊಳಗಿದ್ದ ನನಗೆ ಕೇಳಿಸಿತು.

"ಈ ಫೋಟೋಗಳಲ್ಲಿರೋ ಪಿಸ್ತೂಲು ಎಲ್ಲಿದೆಯಮ್ಮ? ಒಳಗೆ ಯಾರಿದಾರೆ?"

"ನನ್ನ ತಂಗಿ ಸಾರ್. ಫಿಲ್ಮ್ ತೊಳೀತಿದಾಳೆ. ಬೆಳಕು ಬಿದ್ರೆ ಒಂದು ಮದುವೆ ಫೋಟೋ ಪೂರ್ತಿ ಹಾಳಾಗುತ್ತೆ. ಸ್ವಲ್ಪ ತಡೀರಿ."

"ಪಕ್ಕಕ್ಕೆ ಸರಿ!"

"ಬಲ್ಬ್ ಆರೋವರೆಗೂ ಸರಿಯೋದಿಲ್ಲ."

ಬಲ್ಬಿನ ಸ್ವಿಚ್ಚು ನನ್ನ ಭುಜದ ಪಕ್ಕದಲ್ಲೇ ಇತ್ತು. ಫಿಲ್ಮ್ ತೊಳೆದು ಒಣಗಲು ಹಾಕಿ ಆಗಲೇ ಐದು ನಿಮಿಷವಾಗಿತ್ತು. ಆದರೆ ಹಲಗೆಯ ಮೇಲೆ, ಬೆಳಿಗ್ಗೆಯಷ್ಟೇ ನಾನು ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದ ಪಿಸ್ತೂಲು ಒಣಗುತ್ತಿತ್ತು. ಸ್ವಿಚ್ಚಿನತ್ತ ಕೈ ಏಳಲಿಲ್ಲ. ಗುರುತು ಮರೆಸಲೆಂದೇ ಬಳಿದದ್ದೆಂದು ಅವರು ಅಂದುಕೊಂಡರೆ?

ಹೊರಗೆ ಎಳೆದಾಟ. ಅಕ್ಕ ನೋವಿನಿಂದ ಕೂಗಿದಳು. ಆಗಲೂ ನಾನು ಚಿಲಕ ತೆಗೆಯಲಿಲ್ಲ. ಅವರೇ ಬಾಗಿಲು ಮುರಿದರು.

ಇನ್ಸ್‌ಪೆಕ್ಟರ್ ಪಿಸ್ತೂಲು ಎತ್ತಿಕೊಂಡರು. ಬೆರಳಿಗೆ ಬಣ್ಣ ಅಂಟಿತು. "ಇನ್ನೂ ಹಸಿ ಇದೆ. ಯಾರು ಹಚ್ಚಿದ್ದು?"

"ನಾನೇ ಸಾರ್," ಎಂದಳು ಅಕ್ಕ, ಭುಜ ಹಿಡಿದುಕೊಂಡು. "ಅವಳಿಗೇನೂ ಗೊತ್ತಿಲ್ಲ."

ನನ್ನ ಉಗುರ ಸಂದಿಯಲ್ಲಿ ಕಪ್ಪು ಬಣ್ಣವಿತ್ತು. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ದೋಚಿದವನು ಮುಂದಿನ ವಾರವೇ ಸಿಕ್ಕಿಬಿದ್ದ. ಆದರೂ ಅಕ್ಕನ ಮೇಲಿನ ಕೇಸು ಬಿದ್ದುಹೋಗಲಿಲ್ಲ: ನಕಲಿ ಪಿಸ್ತೂಲು ಇಟ್ಟುಕೊಂಡದ್ದು, ಪೊಲೀಸರ ಕೆಲಸಕ್ಕೆ ಅಡ್ಡಿಪಡಿಸಿದ್ದು. ವಿಚಾರಣೆ ನಡೆದಷ್ಟು ತಿಂಗಳೂ, ಅವಳನ್ನು ಜೈಲಿಗೆ ಕಳಿಸುತ್ತಾರೆಂಬ ಭಯದಲ್ಲಿ ಬೆಂದೆ. ಸತ್ಯ ಹೇಳುವ ಭಯ ಅದಕ್ಕಿಂತಲೂ ದೊಡ್ಡದಾಗಿತ್ತು. ಕೊನೆಗೆ ನ್ಯಾಯಾಧೀಶರು ಪಿಸ್ತೂಲಿನ ಆರೋಪ ಕೈಬಿಟ್ಟರು. ಅಡ್ಡಿಪಡಿಸಿದ್ದಕ್ಕೆ, ಅಂದಿನ ಕಲಾಪ ಮುಗಿಯುವವರೆಗೆ ಕೋರ್ಟಿನಲ್ಲೇ ಕೂತಿರಬೇಕೆಂದು ಶಿಕ್ಷೆ ಕೊಟ್ಟರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳ ಬಳಿ ಬಗ್ಗಿ ಪಿಸುಗುಟ್ಟಿದೆ: "ಅಕ್ಕಾ, ಅವತ್ತು ಫಿಲ್ಮ್ ಆಗಲೇ ತೊಳೆದಾಗಿತ್ತು."

"ಗೊತ್ತು ಕಣೇ. ಎಷ್ಟು ಹೊತ್ತಿನ ಕೆಲಸ ಅಂತ ನನಗೆ ತಿಳಿಯಲ್ವಾ?"

"ಮತ್ತೆ ಯಾಕೆ ಸರಿಯಲಿಲ್ಲ?"

"ನೀನು ಒಳಗೆ ಹೆದರಿಕೊಂಡು ನಿಂತಿದ್ದೆಯಲ್ಲ."

ಮುಂದೆ ಬೇರೆ ಯಾರದೋ ಕೇಸಿನ ಹೆಸರು ಕೂಗಿದರು. ಅಕ್ಕ ಬೆಂಚಿನಲ್ಲಿ ಒಂದಿಷ್ಟು ಜರುಗಿ ಜಾಗ ಮಾಡಿಕೊಟ್ಟಳು. ಅವಳ ಪಕ್ಕದಲ್ಲಿ, ನ್ಯಾಯಾಧೀಶರು ಏಳುವವರೆಗೂ ನಾನು ಅಲುಗಾಡದೆ ಕೂತೆ.